ಮಲಾಕಾದ ತವರದ ನಾಣ್ಯಗಳು

ಸುಮತಿಗೆ ಗಂಡನ ನಾಣ್ಯಗಳ ಮೇಲೆ ಸಿಟ್ಟೇನೂ ಇರಲಿಲ್ಲ. ಸಿಟ್ಟಿದ್ದದ್ದು ಅವುಗಳ ಕೊಳೆಯ ಮೇಲೆ. ಉಡುಪಿಯಿಂದ ಮಲೇಷ್ಯಾದ ಮಲಾಕಾ ಊರಿನ ವೈದ್ಯಕೀಯ ಕಾಲೇಜಿಗೆ ಪಾಠ ಹೇಳಲು ಬಂದ ರಾಧಾಕೃಷ್ಣರು ಶನಿವಾರ ಬಂತೆಂದರೆ ನದಿಯ ದಂಡೆಗೆ ಹೋಗಿಬಿಡುತ್ತಿದ್ದರು. ಅಲ್ಲಿ ಕೆಸರು ಜಾಲಿಸಿ ಹಳೆಯ ಸಾಮಾನು ಹುಡುಕುವವರಿಂದ ಕಪ್ಪು ಬಿಲ್ಲೆಗಳನ್ನು ಕೊಂಡು ಕರವಸ್ತ್ರದಲ್ಲಿ ಕಟ್ಟಿ ತರುತ್ತಿದ್ದರು.

"ಮತ್ತೆ ತಗಡು ತಂದ್ರಾ ಮಾರಾಯ್ರೆ?"

"ತಗಡಲ್ಲ ಮಾರಾಯ್ತಿ, ತವರ. ಪೋರ್ಚುಗೀಸರು ಈ ಊರು ಹಿಡಿದ ಮೇಲೆ ಇಲ್ಲಿಯೇ ಎರಕ ಹೊಯ್ದದ್ದು. ಗೋವೆಯಲ್ಲಿ ಕೂತವರ ಹುಕುಂ ಇಲ್ಲಿ ನಡೀತಿತ್ತು. ನಮ್ಮ ಕಡೆಯ ಅಕ್ಕಿಯೂ ಹಡಗಲ್ಲಿ ಇಲ್ಲಿಗೆ ಬರ್ತಿತ್ತು. ಅದಕ್ಕೆ ಇಂಥದ್ದೇ ಬಿಲ್ಲೆ ಎಣಿಸಿರ್ಬೇಕು."

"ಹಾಗಾದ್ರೆ ಇದನ್ನೇ ಕೊಟ್ಟು ಒಂದು ಕಿಲೋ ಅಕ್ಕಿ ತನ್ನಿ ನೋಡುವ."

ಅವರು ನಕ್ಕು ಬಿಲ್ಲೆಗಳನ್ನು ಸ್ಟೀಲಿನ ಡಬ್ಬಿಗೆ ಹಾಕುತ್ತಿದ್ದರು.

ಆಮೇಲೆ ಅವರ ಕಣ್ಣು ಹೋಯಿತು. ಒಮ್ಮೆಲೇ ಅಲ್ಲ, ಸುತ್ತಲಿಂದ ಕತ್ತಲೆ ಮೆಲ್ಲಗೆ ಒಳಕ್ಕೆ ಸರಿಯಿತು. ಪಾಠ ನಿಂತಿತು, ಪುಸ್ತಕ ನಿಂತಿತು. ಉಳಿದದ್ದು ಆ ಡಬ್ಬಿ. ಸಂಜೆ ಬಾಲ್ಕನಿಯಲ್ಲಿ ಕೂತು ಒಂದೊಂದೇ ಬಿಲ್ಲೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. "ಇದು ಶಿಲುಬೆ. ಇದು ಆಕಾಶಗೋಲ, ಅವರ ರಾಜನ ಗುರುತು," ಎನ್ನುವಾಗ ಅವರ ದನಿಗೆ ತರಗತಿಯ ಬಿಗಿ ಮರಳುತ್ತಿತ್ತು. ಸುಮತಿ ಒಳಗೆ ಒಗ್ಗರಣೆ ಹಾಕುತ್ತ "ಹ್ಞೂಂ" ಎನ್ನುತ್ತಿದ್ದಳು.

ಕಣ್ಣಿನ ನರ ಒಣಗಿದೆ, ಆದರೂ ಪೊರೆ ತೆಗೆದರೆ ಹೊಳೆಯುವ ವಸ್ತುಗಳಾದರೂ ಕಂಡಾವು ಎಂದರು ಕ್ವಾಲಾಲಂಪುರದ ಡಾಕ್ಟರು. ಆ ಊರಿನದೇ ಬಾಂಗ್ಸಾರ್ ಬಡಾವಣೆಯಲ್ಲಿದ್ದ ಮಗಳು ತನ್ವಿ ಕಾರು ತಂದಳು. "ಅಮ್ಮಾ, ನಿನ್ನ ಮಂಡಿನೋವು ಇಟ್ಕೊಂಡು ಬರ್ಬೇಡ ಲಾ. ಐ ವಿಲ್ ಮ್ಯಾನೇಜ್," ಎಂದು ಅಲ್ಲಿಯವರ ಧಾಟಿಯಲ್ಲೇ ಹೇಳಿ ಅಪ್ಪನನ್ನು ಕರೆದುಕೊಂಡು ಹೋದಳು.

ಹೊಳೆಯುವ ವಸ್ತುಗಳು ಎಂಬ ಮಾತು ಸುಮತಿಯ ಕಿವಿಯಲ್ಲಿ ಉಳಿಯಿತು. ತಮಿಳರ ಅಂಗಡಿಯಿಂದ ಹುಣಸೆಹಣ್ಣಿನ ಪೊಟ್ಟಣ ತಂದು ನೆನೆಸಿದಳು. ದೀಪಾವಳಿಗೆ ಹಿತ್ತಾಳೆಯ ದೀಪಗಳನ್ನು ತಿಕ್ಕುವ ಹಾಗೆಯೇ, ತೆಂಗಿನ ನಾರು ಹಿಡಿದು ಡಬ್ಬಿಯ ಎಲ್ಲ ಬಿಲ್ಲೆಗಳನ್ನೂ ತಿಕ್ಕಿದಳು. ಕಪ್ಪು ನೀರು ಹರಿಯಿತು, ಬಿಲ್ಲೆಗಳು ಬೆಳ್ಳಗಾದವು. ಬಟ್ಟೆಯ ಮೇಲೆ ಒಣಹಾಕಿ, ಎಷ್ಟೋ ದಿನದ ಮೇಲೆ ಅವಳು ಪಾಯಸಕ್ಕಿಟ್ಟಳು.

ಅವರು ಮರಳಿ ಬಂದಾಗ ತನ್ವಿಯ ಮುಖ ನೋಡಿಯೇ ತಿಳಿಯಿತು. ಕಿಟಕಿ ಯಾವ ಕಡೆಗಿದೆ ಎಂಬುದಷ್ಟೇ ಅವರಿಗೆ ಗೊತ್ತಾಗುತ್ತಿತ್ತು.

"ಹೋಗ್ಲಿ ಬಿಡು. ಡಬ್ಬಿ ಕೊಡು," ಎಂದರು.

ಒಂದನ್ನು ತೆಗೆದು ಹೆಬ್ಬೆರಳು ಆಡಿಸಿದರು. ತಿರುಗಿಸಿದರು. ಇನ್ನೊಂದನ್ನು ತೆಗೆದರು. ಮತ್ತೊಂದು. ಕೊನೆಗೆ ಒಂದನ್ನು ಮೂಗಿನ ಹತ್ತಿರ ಹಿಡಿದರು.

"ಹುಳಿ ಹಾಕಿ ತಿಕ್ಕಿದ್ಯಾ?"

"ಹೊಳೆದ್ರೆ ನಿಮ್ಗೆ ಕಾಣ್ತದೆ ಅಂತ..." ಎಂದಳು ಸುಮತಿ.

"ಎಲ್ಲ?"

"ಎಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಅಳಲಿಕ್ಕಾದರೂ ಆಗುತ್ತಿತ್ತು. "ತವರ ಮೆತ್ತಗೆ ಮಾರಾಯ್ತಿ. ನೀರಲ್ಲಿದ್ದೂ ಇದ್ದೂ ಒಳಗೆಲ್ಲ ತಿಂದುಹೋಗಿರ್ತದೆ. ಆ ಕಪ್ಪು ಪದರದಲ್ಲೇ ಚಿತ್ರ ಉಳಿದಿತ್ತು," ಎಂದರು, ಹಿಂದಿನ ಬೆಂಚಿನವರಿಗೆ ಹೇಳುವಷ್ಟು ನಿಧಾನವಾಗಿ.

"ಫೋಟೋ ಇಲ್ವಾ ಪಪ್ಪಾ? ಎನಿ ಫೋಟೋ?" ಎಂದಳು ತನ್ವಿ.

"ಕೈಯಲ್ಲೇ ಇತ್ತಲ್ಲ. ಫೋಟೋ ಯಾಕೆ ಅಂತ ತೆಗೀಲಿಲ್ಲ."

ಮರುದಿನ ತನ್ವಿ ಹೊರಟುಹೋದಳು. ಸಂಜೆ ಸುಮತಿ ಒಲೆ ಆರಿಸಿ, ಮೊದಲ ಬಾರಿಗೆ ಬಾಲ್ಕನಿಗೆ ಕುರ್ಚಿ ಎಳೆದುಕೊಂಡು ಗಂಡನ ಪಕ್ಕದಲ್ಲಿ ಕೂತಳು. ಅವರ ಅಂಗೈಯಲ್ಲಿ ಒಂದು ಬಿಲ್ಲೆಯಿತ್ತು.

"ಇದು ದೊಡ್ಡದು. ಶಿಲುಬೆಯದ್ದೇ," ಎಂದರು. "ಮೂಲೆಗಳಲ್ಲಿ ಚುಕ್ಕಿ ಇತ್ತಾ ಸುಮತಿ? ನಂಗೆ ಸರಿ ನೆನಪಾಗ್ತಿಲ್ಲ. ತಿಕ್ಕುವಾಗ ನೋಡಿರ್ತೀಯಲ್ಲ?"

ಸುಮತಿ ಬಿಲ್ಲೆಯನ್ನು ಬೆಳಕಿಗೆ ಹಿಡಿದಳು. ನುಣ್ಣಗೆ, ಬೆಳ್ಳಗೆ, ಏನೂ ಇರಲಿಲ್ಲ. ಅವರ ಕಣ್ಣು ಹೋದ ಮೇಲೆ ಈ ಮನೆಯಲ್ಲಿ ನೋಡುವ ಕಣ್ಣಿದ್ದದ್ದು ಅವಳೊಬ್ಬಳಿಗೆ. ತಿಕ್ಕುವಾಗಲೂ ಅವಳು ನೋಡಿದ್ದು ಕೊಳೆಯನ್ನು ಮಾತ್ರ.

"ನಾನು ನೋಡ್ಲೇ ಇಲ್ಲ," ಎಂದಳು.

ಅವರು ತಲೆಯಾಡಿಸಿದರು. ಕೈ ಚಾಚಿ ಬಿಲ್ಲೆಯನ್ನು ವಾಪಸು ತೆಗೆದುಕೊಂಡು, ಮತ್ತೆ ಹೆಬ್ಬೆರಳು ಆಡಿಸತೊಡಗಿದರು.