ಎಲ್ಲಕ್ಕಿಂತ ಬೆಳ್ಳಗಿನ ಹಲ್ಲು

ನಮ್ಮೂರು ಇಂಡಿಯಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ನಾನು ಹುಟ್ಟುವ ಮೊದಲೇ ಅಲ್ಲಿಗೆ ಬೋರ್‌ವೆಲ್ ಬಂದಿತ್ತು. ನೀರು ಬಿದ್ದ ದಿನ ಊರವರು ಕುಣಿದರಂತೆ. ಆ ನೀರು ಕುಡಿದು ಬೆಳೆದ ನಮ್ಮ ವಾರಿಗೆಯವರ ಹಲ್ಲೆಲ್ಲ ಕಂದು ಬಣ್ಣಕ್ಕೆ ತಿರುಗಿದಾಗ ಯಾರೂ ಕುಣಿಯಲಿಲ್ಲ. ನಮ್ಮ ಶಾಲೆಯ ಗ್ರೂಪ್ ಫೋಟೋದಲ್ಲಿ ಒಬ್ಬರ ಬಾಯಿಯೂ ತೆರೆದಿಲ್ಲ. ನೋಡಿದವರು, ಎಂಥ ಶಿಸ್ತಿನ ಮಕ್ಕಳು ಎಂದುಕೊಳ್ಳಬೇಕು.

ಹುಡುಗರ ಕಂದು ಹಲ್ಲಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹುಡುಗಿಯರಿಗೆ ಮದುವೆಯ ವಯಸ್ಸು ಬಂತೆಂದರೆ ಮಾತ್ರ ಓಣಿಯವರೆಲ್ಲ ಹಲ್ಲಿನ ವೈದ್ಯರಾಗುತ್ತಿದ್ದರು. ನನ್ನ ಬಾಯಿಗೂ ಕುಳ್ಳಿನ ಬೂದಿ ಬಿತ್ತು, ಇಟ್ಟಂಗಿ ಪುಡಿ ಬಿತ್ತು. ನಮ್ಮ ಕಡೆ ಲಿಂಬೆಹಣ್ಣಿಗೆ ಬರವಿಲ್ಲ. ಉಪ್ಪು ಹಚ್ಚಿದ ಲಿಂಬೆಸಿಪ್ಪೆಯಿಂದ ತಿಂಗಳುಗಟ್ಟಲೆ ಉಜ್ಜಿಸಿದರು. ಕಂದು ಬಣ್ಣ ಅಲ್ಲೇ ಇತ್ತು, ತಣ್ಣೀರು ಕುಡಿದರೆ ಹಲ್ಲು ಝುಮ್ಮೆನ್ನತೊಡಗಿತು. ಔಷಧ ಹಿಡಿಯಿತು ಎಂದು ಹಿರಿಯರು ಸಮಾಧಾನಪಟ್ಟರು.

ಅವ್ವ ಚಿಕ್ಕಂದಿನಿಂದ ಮಿಶ್ರಿ, ಅಂದರೆ ಸುಟ್ಟ ತಂಬಾಕಿನ ಪುಡಿ, ತಿಕ್ಕಿದವಳು. ಅವಳಿಗೆ ನಗು ಬಂದರೆ ಮೊದಲು ಸೆರಗು ಬಾಯಿಗೆ ಹೋಗುತ್ತಿತ್ತು, ನಗುವುದು ಆಮೇಲೆ. ಅವಳ ಹಲ್ಲನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಇಂಡಿಗೆ ವಾರಕ್ಕೊಮ್ಮೆ ವಿಜಾಪುರದಿಂದ ಹಲ್ಲಿನ ಡಾಕ್ಟರರು ಬರುತ್ತಾರೆಂದು ತಿಳಿದಾಗ ಅಪ್ಪನ ಮುಂದೆ ಹಠ ಹಿಡಿದವಳು ಅವಳೇ.

"ನಾ ಸೆರಗ ಹಿಡಕೊಂಡ ನಕ್ಕಿದ್ದು ಸಾಕು. ಈಕಿ ಹಂಗ ನಗಬಾರದು" ಎಂದಳು.

ಅಪ್ಪ ಒಪ್ಪಿದರು. ಸುದ್ದಿ ಕೇಳಿ ಅಪ್ಪನ ಅಕ್ಕ ಸಿಂದಗಿಯಿಂದ ಮೊದಲ ಬಸ್ಸಿಗೇ ಬಂದಿಳಿದಳು. ಈ ಅತ್ತಿ ಇಲ್ಲದೆ ನಮ್ಮ ಮನೆಯಲ್ಲಿ ಒಂದು ಕುಪ್ಪಸದ ಬಟ್ಟೆಯನ್ನೂ ಕೊಂಡದ್ದಿಲ್ಲ. ಇನ್ನು ಹಲ್ಲು ಕೊಳ್ಳುವುದುಂಟೆ?

ಡಾಕ್ಟರರು ನನ್ನ ಬಾಯಿಯೊಳಗೆ ದೀಪ ಬಿಟ್ಟು ನೋಡಿದರು. ಕ್ಲೀನ್ ಮಾಡಿದರೆ ಈ ಕಲೆ ಹೋಗುವುದಿಲ್ಲ, ಬಿಳುಪು ಮಾಡುವ ಔಷಧವೂ ಇಷ್ಟು ಆಳಕ್ಕೆ ನಾಟುವುದಿಲ್ಲ ಎಂದರು. ಕ್ಯಾಪ್ ಹಾಕಬೇಕೆಂದರೆ ಹಲ್ಲನ್ನು ಸುತ್ತಲೂ ಸವೆಸಬೇಕಂತೆ. ಅವ್ವ ಅದಕ್ಕೆ ಒಪ್ಪಲಿಲ್ಲ. ಕೊನೆಗೆ ಉಳಿದದ್ದು, ಮುಂದಿನ ಹಲ್ಲುಗಳ ಮೇಲೆ ಹಲ್ಲಿನ ಬಣ್ಣದ್ದೇ ಒಂದು ಲೇಪ ಹಚ್ಚಿ ಗಟ್ಟಿ ಮಾಡುವುದು.

"ಅಂದ್ರ ಗ್ವಾಡಿಗಿ ಸುಣ್ಣ ಹೊಡದಂಗ" ಎಂದು ಅತ್ತಿ ತೀರ್ಪು ಕೊಟ್ಟಳು.

ಡಾಕ್ಟರರು ಸಾಲಾಗಿ ಹಲ್ಲು ಜೋಡಿಸಿದ ಒಂದು ಪಟ್ಟಿ ತೆಗೆದರು. ಒಂದೊಂದು ಹಲ್ಲು ಒಂದೊಂದು ಬಣ್ಣ. ಅದನ್ನು ನನ್ನ ತುಟಿಗೆ ಹಿಡಿದು, ಕೊಂಚ ಹಳದಿಯಾದದ್ದನ್ನು ತೋರಿಸಿ, ಇದು ಸಹಜವಾಗಿ ಕಾಣುತ್ತದೆ ಎಂದರು. ಅತ್ತಿ ಪಟ್ಟಿಯನ್ನು ಅವರ ಕೈಯಿಂದ ಕಸಿದುಕೊಂಡು ಬಾಗಿಲಿನ ಬೆಳಕಿಗೆ ಒಯ್ದಳು. ಬಟ್ಟೆ ಅಂಗಡಿಯಲ್ಲೂ ಅವಳು ಹಾಗೇ ಮಾಡುತ್ತಿದ್ದಳು.

"ಎಲ್ಲಾಕಿಂತ ಬೆಳ್ಳಂದು ಹಚ್ಚರಿ. ರೊಕ್ಕಾ ಕೊಟ್ಟು ಹಳದಿ ಯಾರ ತಗೋತಾರ?"

"ಅಷ್ಟು ಬಿಳೇದು ಯಾರ ಬಾಯಾಗೂ ಇರೂದಿಲ್ರಿ."

"ಅದಕ್ಕ ಅದೇ ಬೇಕು."

ಡಾಕ್ಟರರು ಸೋತರು. ಕನ್ನಡಿ ಹಿಡಿದಾಗ ನನ್ನ ಬಾಯಲ್ಲಿ ಹೊಸ ಲಾಡ್ಜಿನ ವಾಷ್‌ಬೇಸಿನ್ ಕೂತಿತ್ತು. ಹೊರಡುವಾಗ ಅವರು, ಮುಂದಿನ ಹಲ್ಲಿನಿಂದ ಗಟ್ಟಿಯಾದದ್ದನ್ನು ಕಡಿಯಬೇಡ, ಲೇಪ ಎದ್ದು ಹೋದೀತು ಎಂದರು. ಖಡಕ್ ರೊಟ್ಟಿ ತಿಂದೇ ಬದುಕುವ ಸೀಮೆಯಲ್ಲಿ ಎಂಥ ಸುಲಭದ ಪಥ್ಯ.

ತಿಂಗಳೊಳಗೆ ಬಸವನ ಬಾಗೇವಾಡಿ ಕಡೆಯವರು ಕನ್ಯೆ ನೋಡಲು ಬಂದರು. ಹುಡುಗನಿಗೆ ಕಾಲುವೆ ಆಫೀಸಿನಲ್ಲಿ ನೌಕರಿ. ಏನು ಕೇಳಿದರೂ ತಲೆಯಾಡಿಸುತ್ತಿದ್ದ. ಹುಡುಗ ಭಾಳ ಗಂಭೀರ ಎಂದು ಅತ್ತಿ ಒಳಗೆ ಬಂದು ಹೇಳಿಹೋದಳು. ನನ್ನನ್ನು ನಡೆಸಿದರು, ಜಡೆ ಬಿಚ್ಚಿಸಿದರು, ಪೇಪರ್ ಓದಿಸಿದರು. ಓದುವಾಗ ಹುಡುಗನ ದೊಡ್ಡವ್ವನ ಕಣ್ಣು ನನ್ನ ಬಾಯಿಯ ಮೇಲೇ ನೆಟ್ಟಿತ್ತು. ನಮ್ಮ ಸೀಮೆಯಲ್ಲಿ ಅಷ್ಟು ಬೆಳ್ಳಗಿನ ಹಲ್ಲಿರುವುದು ಮುದುಕರಿಗೆ ಮಾತ್ರ, ಅದೂ ಕಟ್ಟಿಸಿಕೊಂಡ ಸೆಟ್ಟು.

"ಯವ್ವಾ, ಹಲ್ಲು ನಿನ್ನವ, ಏನ್ ಸೆಟ್ಟ?"

"ಹುಟ್ಟಿದಾಗಿಂದ ಹಂಗ ಅದಾವ್ರಿ" ಎಂದು ಅತ್ತಿ ನಡುವೆ ಬಾಯಿ ಹಾಕಿದಳು. ಬಾಯ್ತುಂಬ ಹಲ್ಲಿಟ್ಟುಕೊಂಡು ಹುಟ್ಟಿದ ಕೂಸು ನಾನು.

"ಹಂಗಾರ ಒಂದ್ ಖಡಕ್ ರೊಟ್ಟಿ ಕಡೀಲಿ, ನೋಡೂಣು."

ಅಪ್ಪ ನೆಲ ನೋಡಿದರು. ಅವ್ವ ಅಡುಗೆಮನೆಯಿಂದ ರೊಟ್ಟಿ ತಂದಳು. ಲೇಪ ಎದ್ದರೆ ಈ ಸಂಬಂಧ ತಪ್ಪುವುದಷ್ಟೇ ಅಲ್ಲ, ಸುತ್ತಲಿನ ಊರುಗಳಲ್ಲೆಲ್ಲ ನಾನು ಸೆಟ್ಟಿನ ಹುಡುಗಿಯಾಗುತ್ತಿದ್ದೆ. ಮತ್ತೆ ನನಗೂ ಸೆರಗೇ ಗತಿ.

ಕಡಿದೆ. ಕಟ್ಟೆಂದು ಸದ್ದಾಯಿತು. ಅವ್ವ ಕಣ್ಣು ಮುಚ್ಚಿಕೊಂಡಳು. ನಾಲಗೆ ಆಡಿಸಿ ನೋಡಿಕೊಂಡೆ. ಮುರಿದದ್ದು ರೊಟ್ಟಿ.

ದೊಡ್ಡವ್ವ ತಲೆದೂಗಿದಳು. ಎತ್ತಿನ ಬಾಯಿ ಬಿಡಿಸಿ ನೋಡಿದವರ ತೃಪ್ತಿ ಅವಳ ಮುಖದಲ್ಲಿತ್ತು. ನನಗೆ ಮೈ ಉರಿಯಿತು. ಉಳಿದ ಅರ್ಧ ರೊಟ್ಟಿಯನ್ನು ತಾಟಿನಲ್ಲಿಟ್ಟು ಹುಡುಗನ ಮುಂದೆ ಸರಿಸಿದೆ.

"ಇವರೂ ಒಂದ್ ತುತ್ತ ಕಡೀಲ್ರಿ" ಎಂದೆ.

ಹುಡುಗ ದೊಡ್ಡವ್ವನ ಮುಖ ನೋಡಿದ. ರೊಟ್ಟಿ ಎತ್ತಿ, ಅಡ್ಡ ಹಿಡಿದು, ಉದ್ದ ಹಿಡಿದು ಪ್ರಯತ್ನಿಸಿದ. ಗುಟ್ಕಾ ತಿಂದು ತಿಂದು ಅವನ ಬಾಯಿ ಒಂದು ಬೆರಳು ಹೋಗುವಷ್ಟು ಕೂಡ ತೆರೆಯುತ್ತಿರಲಿಲ್ಲ. ಆ ಸಂದಿಯಲ್ಲಿ ಕಂಡ ಹಲ್ಲು ತುಕ್ಕಿನ ಬಣ್ಣದ್ದು. ನನ್ನ ಹಲ್ಲು ನೀರಿನ ಕೃಪೆ, ಅವನದು ಸ್ವಂತ ದುಡಿಮೆ. ಕೊನೆಗೆ ಅವನು ರೊಟ್ಟಿಯನ್ನು ಪುಡಿ ಮಾಡಿ ಚಹಾದಲ್ಲಿ ನೆನೆಸಿ ಹೀರಿದ.

"ಅವಗ ಉಷ್ಣ ಆಗೇತ್ರಿ" ಎಂದಳು ದೊಡ್ಡವ್ವ.

ನಾಲ್ಕು ದಿನ ಬಿಟ್ಟು ಮಧ್ಯಸ್ಥರು ಉತ್ತರ ತಂದರು. ಹುಡುಗಿ ಚಂದ ಇದ್ದಾಳೆ, ಹಲ್ಲೂ ಗಟ್ಟಿ ಇವೆ, ಆದರೆ ಬಹಳ ಮಾತಾಡುತ್ತಾಳಂತೆ. ಆ ದಿನ ಪೇಪರ್ ಓದಿದ್ದು ಬಿಟ್ಟರೆ ನಾನು ಆಡಿದ್ದು ಒಂದೇ ಮಾತು. ಅತ್ತಿ ಹಣೆ ಬಡಿದುಕೊಂಡಳು. ನನಗೆ ಅವ್ವನದೇ ಭಯ. ಅತ್ತುಬಿಡುತ್ತಾಳೆ ಎಂದುಕೊಂಡು ಅವಳ ಕಡೆ ನೋಡಿದೆ.

"ರೊಟ್ಟಿ ಚಹಾದಾಗ ನೆನಸಿ ತಿನ್ನಾವಗ ಮಾತಾಡಾಕಿ ಬ್ಯಾಡಂತ" ಎಂದಳು ಅವ್ವ. ಎಂದವಳೇ ನಗತೊಡಗಿದಳು. ಕಣ್ಣಲ್ಲಿ ನೀರು ಬರುವವರೆಗೆ, ಬಾಯ್ತುಂಬ ನಕ್ಕಳು. ಅವಳ ಅಷ್ಟೂ ಹಲ್ಲನ್ನು ನಾನು ನೋಡಿದ್ದು ಅಂದೇ. ಒಂದೊಂದೂ ಕಪ್ಪು. ಸೆರಗು ತಲೆಯ ಮೇಲೇ ಇತ್ತು.