ಮಗ್ಗದ ಮುಂದೆ ನಾನು ಮಾಡಿದ ಪಾಠ

ಎರಡು ಸಾವಿರದ ಇಸವಿಯ ಆಚೀಚೆ, ನಾನು ಮ್ಯಾಂಚೆಸ್ಟರಿನಲ್ಲಿದ್ದಾಗ, ಅದೇ ಊರಿನ ವಿದನ್‌ಶಾ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ಗೆಳೆಯ ಫೋನು ಮಾಡಿದ. "ಶನಿವಾರ ಡ್ಯೂಟಿ ರೋಟಾದಲ್ಲಿ ನನ್ನ ಹೆಸರಿದೆ ಕಣೋ. ಅಪ್ಪ ಊರಿಂದ ಬಂದಿದ್ದಾರೆ, ಎಲ್ಲಾದ್ರೂ ಸುತ್ತಿಸು."

ಅವರನ್ನು ಹತ್ತಿಗಿರಣಿಯ ಮ್ಯೂಸಿಯಮ್ಮಿಗೆ ಕರೆದೊಯ್ದೆ. ಅವರಿಗಿಂತ ಎರಡು ಹೆಜ್ಜೆ ಮುಂದೆ ಹೋಗಿ ಗೋಡೆಯ ಫಲಕ ಓದಿಕೊಂಡು, ಹುಟ್ಟಿದಾಗಿಂದ ಗೊತ್ತಿದ್ದವನಂತೆ ಹಾಸು, ಹೊಕ್ಕು, ಲಾಳಿ ಎಂದು ಅರ್ಧ ಗಂಟೆ ನೇಯ್ಗೆಯ ಪಾಠ ಮಾಡಿದೆ. ಅವರು "ಹೌದಾ" ಅನ್ನುತ್ತ ತಲೆಯಾಡಿಸಿದರು.

ಹಳೆಯ ಮಗ್ಗವೊಂದನ್ನು ವಯಸ್ಸಾದ ಹೆಂಗಸೊಬ್ಬರು ಓಡಿಸಿ ತೋರಿಸುತ್ತಿದ್ದರು. ಇದ್ದಕ್ಕಿದ್ದಂತೆ ಎಳೆ ಕಡಿಯಿತು. ಆಕೆ ಮಗ್ಗ ನಿಲ್ಲಿಸಿ ಕನ್ನಡಕ ಹುಡುಕತೊಡಗಿದರು. ಗೆಳೆಯನ ಅಪ್ಪ ಅಡ್ಡ ಕಟ್ಟಿದ್ದ ಹಗ್ಗ ದಾಟಿ ಮಗ್ಗದೊಳಗೆ ಕೈ ಹಾಕಿಬಿಟ್ಟರು.

"ಅಂಕಲ್, ಮುಟ್ಟಬೇಡಿ, ಇಲ್ಲಿ ರೂಲ್ಸ್ ಜಾಸ್ತಿ" ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಕಡಿದ ಎಳೆಗೆ ಗಂಟು ಬಿದ್ದಾಗಿತ್ತು.

ಆಕೆ ಗಂಟನ್ನು ಬೆರಳಲ್ಲಿ ಸವರಿ ನೋಡಿ, "ಇವರು ಕೆಲಸ ಮಾಡಿದ್ದು ಯಾವ ಮಿಲ್ಲಲ್ಲಿ ಅಂತ ಕೇಳಿ" ಎಂದು ನನಗೆ ಅಂದರು. ಕೇಳಿದೆ.

"ದಾವಣಗೆರೆ. ಮೂವತ್ತೊಂದು ವರ್ಷ."

"ಮೊದಲೇ ಹೇಳಬಾರದಿತ್ತಾ ಅಂಕಲ್?"

"ನೀವು ಅಷ್ಟು ಆಸೆಯಿಂದ ಹೇಳ್ತಿದ್ರಿ. ನಡುವೆ ಬಾಯಿ ಹಾಕೋದು ಸರಿಯಲ್ಲ ಅನ್ನಿಸ್ತು."

ಆಮೇಲೆ ಅವರಿಬ್ಬರೂ ಮಗ್ಗದ ಒಂದೊಂದು ಭಾಗ ಮುಟ್ಟಿ ತೋರಿಸುತ್ತ, ಅವರು ಕನ್ನಡದಲ್ಲಿ, ಆಕೆ ಇಂಗ್ಲಿಷಿನಲ್ಲಿ, ಬಹಳ ಹೊತ್ತು ಮಾತಾಡಿದರು. ನನ್ನ ಅನುವಾದ ಯಾರಿಗೂ ಬೇಕಾಗಲಿಲ್ಲ. ಹೊರಡುವಾಗ ಆಕೆ ನನ್ನತ್ತ ತಿರುಗಿ, "ನೀವೂ ಗಿರಣಿಯವರೇನಾ?" ಎಂದರು.

"ಇಲ್ಲ, ಸಾಫ್ಟ್‌ವೇರ್."

ಆಕೆ ನನ್ನ ಭುಜ ತಟ್ಟಿ, "ಇರಲಿ ಬಿಡಿ" ಅಂದರು. ನನ್ನ ಉದ್ಯೋಗದ ಬಗ್ಗೆ ಯಾರೂ ಅಷ್ಟು ಮರುಕದಿಂದ ಮಾತಾಡಿದ್ದಿಲ್ಲ.