ಪಕ್ಕದ ಮನೆಯ ಗೀಸರ್‌ಗೆ ಬೀಳುತ್ತಿದ್ದ ಬ್ರೇಕರ್

ಕೋವಿಡ್ ತಣ್ಣಗಾಗಿ, ಲೋಕಲ್ ರೈಲುಗಳಲ್ಲಿ ಮತ್ತೆ ಕಾಲಿಡಲು ಜಾಗವಿಲ್ಲದಂತಾದ ವರ್ಷ. ನಾನು ಘಾಟ್ಕೋಪರ್‌ನಲ್ಲಿದ್ದುಕೊಂಡು, ಲೈಸೆನ್ಸ್ ಇರುವ ವೈರ್‌ಮನ್ ಆಗಿ ಹಳೆಯ ಬಿಲ್ಡಿಂಗ್‌ಗಳ ವೈರಿಂಗ್ ಸರಿಪಡಿಸುತ್ತಿದ್ದೆ. ಚೆಂಬೂರಿನ ಒಂದು ಸೊಸೈಟಿಯಲ್ಲಿ ವಾಸುದೇವ ರಾಯರ ಮನೆಗೆ ಹೊಸ ಮೀಟರ್ ಬಂದಿತ್ತು. ಮೀಟರ್ ಕೂಡಿಸುವುದು ವಿದ್ಯುತ್ ಕಂಪನಿಯವರ ಕೆಲಸ. ಅದರ ಸೀಲನ್ನು ನಾವು ಮುಟ್ಟುವಂತಿಲ್ಲ. ಮನೆಯೊಳಗಿನ ಬೋರ್ಡು ನನ್ನ ಪಾಲಿನದು. ಹಳೆಯ ಫ್ಯೂಸುಗಳನ್ನು ಕಿತ್ತು ಎಂಸಿಬಿ ಬ್ರೇಕರ್‌ಗಳನ್ನೂ ಒಂದು ಆರ್‌ಸಿಸಿಬಿ ಬ್ರೇಕರನ್ನೂ ಹಾಕಿದೆ. ಲೋಡ್ ಹೆಚ್ಚಾದರೆ ಬೀಳುವ ಎಂಸಿಬಿ ವೈರನ್ನು ಕಾಯುತ್ತದೆ. ಆರ್‌ಸಿಸಿಬಿ ಕಾಯುವುದು ಮನುಷ್ಯನನ್ನು. ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಅಷ್ಟೇ ಮರಳಬೇಕು. ಮೂವತ್ತು ಮಿಲಿಆಂಪ್ ವ್ಯತ್ಯಾಸ ಬಂದರೂ ಅದು ಬಿದ್ದು ಸಪ್ಲೈ ಕಡಿಯುತ್ತದೆ.

ವಾರದೊಳಗೇ ರಾಯರ ಫೋನು ಬಂತು. ದಿನಾ ಬೆಳಿಗ್ಗೆ ಆರ್‌ಸಿಸಿಬಿ ಬೀಳುತ್ತಿತ್ತು. ಲೈನುಗಳನ್ನೆಲ್ಲ ಪರೀಕ್ಷಿಸಿದರೂ ಎಲ್ಲೂ ಲೀಕ್ ಇಲ್ಲ. ಕೊನೆಗೆ ಒಂದು ಬೆಳಿಗ್ಗೆ ಅಲ್ಲೇ ಹೋಗಿ ಕೂತೆ.

ಆಫೀಸೊಂದರಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದ ರಾಯರು ಒಬ್ಬರೇ ಇರುವವರು. ಟಿವಿಯಲ್ಲಿ ಮರಾಠಿ ಸುದ್ದಿ ಓಡುತ್ತಿತ್ತು, ಅವರು ಅತ್ತ ನೋಡುತ್ತಿರಲಿಲ್ಲ. ನನಗೆ ಚಹಾ ಕೊಟ್ಟು, ಮುಗಿಯುವ ಮೊದಲೇ ಇನ್ನೊಂದಿಷ್ಟು ಸುರಿದರು. ಅಷ್ಟರಲ್ಲಿ ಟಕ್ ಎಂದು ಬ್ರೇಕರ್ ಬಿತ್ತು. ಟಿವಿ, ಫ್ಯಾನ್ ನಿಂತು ಮನೆ ಸ್ತಬ್ಧವಾಯಿತು. ಗೋಡೆಯಾಚೆ ಬಾತ್‌ರೂಮಿನಿಂದ ಯಾರೋ ಕೂಗಿದರು, "ಅರೇ, ಫಿರ್ ಸೇ ಬಂದ್! ಮತ್ತೆ ನಿಂತಿತು ಗೀಸರ್, ಮೈಗೆಲ್ಲ ಸಾಬೂನು!"

ಬೋರ್ಡು ತೆರೆದು, ಬ್ರೇಕರ್ ಬಿದ್ದಿದ್ದರೂ ರೂಢಿಯಂತೆ ನ್ಯೂಟ್ರಲ್‌ಗೆ ಟೆಸ್ಟರ್ ಇಟ್ಟೆ. ಟೆಸ್ಟರಿನ ದೀಪ ಹತ್ತಿತು; ಕರೆಂಟ್ ಇರಬಾರದ ತಂತಿಯಲ್ಲಿ ಕರೆಂಟ್ ಇತ್ತು. ನಂಬಿ ಕೈ ಹಾಕಿದ್ದರೆ ಅಲ್ಲೇ ಬೀಳುತ್ತಿದ್ದೆ.

"ಆಚೆ ಯಾರಿರುವುದು ರಾಯರೇ?"

"ನನ್ನ ತಮ್ಮ, ಗಣಪತಿ. ಒಂದೇ ಮನೆಯಾಗಿತ್ತು. ಪಾಲಾದಾಗ ಮಧ್ಯೆ ಗೋಡೆ ಎಬ್ಬಿಸಿದ್ದು. ಮಾತಿಲ್ಲ ನಮಗೆ."

ಆಗ ವಿಷಯ ತಿಳಿಯಿತು. ಮನೆ ಒಡೆದಾಗ ಆಚೆಯ ಗೀಸರ್‌ಗೆ ತಮ್ಮನ ಮೀಟರಿನಿಂದ ಫೇಸ್ ಕೊಟ್ಟವರು, ನ್ಯೂಟ್ರಲನ್ನು ಹಳೆಯ ಲೈನಿನಲ್ಲೇ, ಅಂದರೆ ಅಣ್ಣನ ಬೋರ್ಡಿನಲ್ಲೇ ಬಿಟ್ಟಿದ್ದರು. ತಮ್ಮನ ಕರೆಂಟು ಅಣ್ಣನ ಮನೆಯ ಮೂಲಕ ಮರಳುತ್ತಿತ್ತು. ಲೆಕ್ಕ ತಪ್ಪಿ ಆರ್‌ಸಿಸಿಬಿ ಬೀಳುತ್ತಿತ್ತು, ಜೊತೆಗೆ ಅವರ ಗೀಸರೂ ಆರುತ್ತಿತ್ತು. ಸರಿಪಡಿಸಲು ಆಚೆ ಮನೆಯೊಳಗೆ ಹೋಗಬೇಕಿತ್ತು.

"ಅದೆಲ್ಲ ಬೇಡ ಮಾರಾಯ್ರೆ. ಆ ಡಬ್ಬ ತೆಗೆದು ಡೈರೆಕ್ಟ್ ಕೊಟ್ಟುಬಿಡಿ. ಇಷ್ಟು ವರ್ಷ ಏನಾಗಿತ್ತು?"

"ನೀವು ಒಬ್ಬರೇ ಇರುವುದು ರಾಯರೇ. ಒದ್ದೆ ಕೈಗೆ ಶಾಕ್ ಹೊಡೆದರೆ ಮೇನ್ ಇಳಿಸಲು ಯಾರು ಬರುತ್ತಾರೆ?"

 ರಾಯರು ಎದ್ದು ಅಂಗಿ ಹಾಕಿಕೊಂಡು, ಗುಂಡಿಗಳನ್ನೆಲ್ಲ ಸರಿಯಾಗಿ ಹಾಕಿ, ತಾವೇ ಹೋಗಿ ಪಕ್ಕದ ಬಾಗಿಲು ಬಡಿದರು. ಟವೆಲ್ ಸುತ್ತಿಕೊಂಡ ತಮ್ಮ ಬಾಗಿಲು ತೆರೆದರು.

"ಗಣೂ, ನಿನ್ನ ಗೀಸರ್ ಹಾಳಾಗಿಲ್ಲ. ವೈರ್ ನನ್ನ ಮನೆಯಲ್ಲಿದೆಯಂತೆ."

"ಹೋ! ಪಾಲಾದ ಮೇಲೂ ನಿನ್ನ ವೈರೇ ಬೇಕಾಯ್ತಾ ನನಗೆ?" ಎಂದ ತಮ್ಮ ನನ್ನತ್ತ ತಿರುಗಿ, "ನೀವು ಬನ್ನಿ ಒಳಗೆ" ಎಂದರು. ಅಣ್ಣನನ್ನು ಕರೆಯಲಿಲ್ಲ. ರಾಯರು ಪ್ಯಾಸೇಜಿನಲ್ಲೇ ನಿಂತರು.

ಎರಡೂ ಮನೆಯ ಮೇನ್ ಇಳಿಸಿ, ಟೆಸ್ಟರ್ ಇಟ್ಟು ಖಚಿತಪಡಿಸಿಕೊಂಡು, ಗೀಸರ್‌ಗೆ ಹೊಸ ನ್ಯೂಟ್ರಲನ್ನು ಗಣಪತಿಯವರ ಬೋರ್ಡಿನಿಂದಲೇ ಎಳೆದೆ. ಹಳೆಯದನ್ನು ಎರಡೂ ತುದಿಯಲ್ಲಿ ಬಿಡಿಸಿದೆ. ಮೇನ್ ಏರಿಸಿ ಗೀಸರ್ ಹಾಕಿ ನೋಡಿದೆ. ಈಚೆ ರಾಯರ ಮನೆಯ ಬ್ರೇಕರ್ ಬೀಳಲಿಲ್ಲ. ಅದರ ಟೆಸ್ಟ್ ಬಟನ್ ಒತ್ತಿದೆ. ಟಕ್ ಎಂದು ಬಿತ್ತು. ಹಾಗೆಯೇ ಆಗಬೇಕು.

ನಾನು ಚೀಲ ಕಟ್ಟುವಾಗ ರಾಯರು ಬೋರ್ಡಿನ ಮುಂದೆ ನಿಂತು ಕೇಳಿದರು, "ಹಾಗಾದರೆ ನಾಳೆಯಿಂದ ಅವನು ಎದ್ದು ಸ್ನಾನಕ್ಕೆ ಹೋದದ್ದು ನನಗೆ ಗೊತ್ತಾಗುವುದಿಲ್ಲ, ಅಲ್ವಾ?"

"ಇಲ್ಲ ರಾಯರೇ," ಎಂದೆ.

ಒಂದು ಮನೆಯ ಕರೆಂಟು ಇನ್ನೊಂದು ಮನೆಯ ದಾರಿ ಹಿಡಿಯಬಾರದು. ನನ್ನ ಕೆಲಸದ ನಿಯಮ ಅದು, ಅದನ್ನು ಸಡಿಲಿಸುವಂತಿಲ್ಲ. ಆದರೆ ಅಂದಿನಿಂದ ಯಾವ ಮನೆಗೆ ಹೋದರೂ ಬೋರ್ಡು ತೆರೆಯುವ ಮೊದಲು, ಮನೆಯಲ್ಲಿ ಎಷ್ಟು ಜನ ಎಂದು ಕೇಳುತ್ತೇನೆ. ಒಬ್ಬರೇ ಎಂದರೆ, ಎರಡನೆಯ ಸಲ ಸುರಿದ ಚಹಾವನ್ನೂ ಕುಡಿದೇ ಏಳುತ್ತೇನೆ.